ಅಮೆರಿಕದ ಮನೆಯಲ್ಲಿ ಪ್ಲಗ್ ಪಾಯಿಂಟ್ ಸತ್ತರೆ ಮೊದಲು ಗರಾಜಿಗೆ ಹೋಗಿ

ಹೋದ ತಿಂಗಳು ದಾವಣಗೆರೆ ಕಡೆಯ ಒಬ್ಬರು ಫೋನ್ ಮಾಡಿದ್ದರು. ನಮ್ಮ ಬಡಾವಣೆಗೆ ಹೊಸದಾಗಿ ಮನೆ ಕೊಂಡು ಬಂದವರು. ಮೇಲಿನ ಬಾತ್‌ರೂಮಿನಲ್ಲಿ ಪ್ಲಗ್ ಪಾಯಿಂಟ್ ಕೆಲಸ ಮಾಡ್ತಿಲ್ಲ, ಬ್ರೇಕರ್ ಎಲ್ಲ ಸರಿಯಾಗೇ ಇದೆ, ಒಳ್ಳೆ ಎಲೆಕ್ಟ್ರಿಷಿಯನ್ ಯಾರಾದರೂ ಗೊತ್ತಾ ಅಂತ ಕೇಳಿದರು. ನಾನು ತಿರುಗಿ ಕೇಳಿದ್ದು ಒಂದೇ: "ಗರಾಜಿನಲ್ಲಿ ಫ್ರಿಜ್ ಇಟ್ಟಿದ್ದೀರಾ?" ಇಟ್ಟಿದ್ದರು. ಹೋಗಿ ಬಾಗಿಲು ತೆಗೆದರೆ ಒಳಗಿನ ಲೈಟ್ ಹತ್ತಲಿಲ್ಲ. ಊರಿನಿಂದ ತಂದು ಫ್ರೀಜರಿನಲ್ಲಿ ಜೋಪಾನ ಮಾಡಿದ್ದ ಹಿತಕಿದ ಅವರೇಬೇಳೆ ನೀರು ಬಿಟ್ಟು ಹುಳಿ ವಾಸನೆ ಬರುತ್ತಿತ್ತು. ಎರಡು ದಿನದಿಂದ ಅಲ್ಲೂ ಕರೆಂಟ್ ಇರಲಿಲ್ಲ.

ನ್ಯೂಜೆರ್ಸಿಗೆ ಬಂದ ಮೊದಲ ವರ್ಷ ನನಗೂ ಇದೇ ಆಗಿತ್ತು. ನಮ್ಮದು 1980ರ ದಶಕದಲ್ಲಿ ಕಟ್ಟಿದ ಮನೆ. ದೀಪಾವಳಿಗೆ ಹೊರಗಿನ ಪಾಯಿಂಟಿಗೆ ಸೀರಿಯಲ್ ಸೆಟ್ ಸಿಕ್ಕಿಸಿದ್ದೆವು. ರಾತ್ರಿಯೆಲ್ಲ ಮಳೆ. ಬೆಳಿಗ್ಗೆ ಎದ್ದರೆ ಎರಡೂ ಬಾತ್‌ರೂಮಿನ ಪಾಯಿಂಟ್ ಸತ್ತಿದ್ದವು. ಬ್ರೇಕರ್ ಪೆಟ್ಟಿಗೆ ನೋಡಿದೆ, ಏನೂ ಬಿದ್ದಿರಲಿಲ್ಲ. ಎಲೆಕ್ಟ್ರಿಷಿಯನ್‌ನ ಕರೆಸಿದೆ. ಆತ ನೇರವಾಗಿ ಗರಾಜಿಗೆ ಹೋದ, ರಟ್ಟಿನ ಪೆಟ್ಟಿಗೆಗಳನ್ನು ಸರಿಸಿದ, ಗೋಡೆಯ ಪಾಯಿಂಟಿನ ನಡುವೆ ಇದ್ದ ಪುಟ್ಟ ಗುಂಡಿಯನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದ. ಟಕ್ ಅಂತು. ಬಿಲ್ 165 ಡಾಲರ್. ಅದು ಮನೆಗೆ ಬಂದದ್ದಕ್ಕೆ ಮಾತ್ರ. ಬಂದು ಐದು ನಿಮಿಷವೂ ಆಗಿರಲಿಲ್ಲ.

ಆ ಗುಂಡಿ ಇರುವ ಪಾಯಿಂಟಿಗೆ ಜಿಎಫ್‌ಸಿಐ ಅಂತಾರೆ. ಟೆಸ್ಟ್, ರೀಸೆಟ್ ಅಂತ ಎರಡು ಗುಂಡಿ ಇರುತ್ತವೆ. ನಮ್ಮೂರಿನ ಮೀಟರ್ ಬೋರ್ಡಿನಲ್ಲಿ ಹಾಕಿಸುವ ಆರ್‌ಸಿಸಿಬಿ ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ. ಹೋದ ಕರೆಂಟ್ ಅಷ್ಟೇ ವಾಪಸ್ ಬಂತಾ ಅಂತ ನೋಡುತ್ತಲೇ ಇರುತ್ತದೆ. ಎಲ್ಲೋ ಸೋರಿತು, ಅಂದರೆ ಒದ್ದೆ ವೈರ್ ಮೂಲಕವೋ ಮನುಷ್ಯನ ಮೈ ಮೂಲಕವೋ ನೆಲಕ್ಕೆ ಹೋಯಿತು ಅಂದರೆ ತಕ್ಷಣ ಕಡಿಯುತ್ತದೆ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ 30 ಮಿಲಿಆಂಪ್ ಸೋರಿದರೆ ಬೀಳುವಂಥದ್ದನ್ನು ಹಾಕುತ್ತಾರೆ. ಇಲ್ಲಿಯದು 5 ಮಿಲಿಆಂಪ್ ಆಸುಪಾಸಿಗೇ ಬೀಳುತ್ತದೆ. ಈ ವಿಷಯದಲ್ಲಿ ಅಮೆರಿಕದ ಪದ್ಧತಿಯೇ ಮೇಲು ಅಂತ ನಾನು ಹೇಳ್ತೀನಿ. ಊರಲ್ಲಿ ಗೀಸರಿನ ನಲ್ಲಿಯನ್ನು ಮುಟ್ಟಿ ಶಾಕ್ ಹೊಡೆಸಿಕೊಂಡವರು ಒಬ್ಬರಾದರೂ ಎಲ್ಲರಿಗೂ ಗೊತ್ತು. ಹಾಗಂತ ಪಾಯಿಂಟಿಗೊಂದು ಸ್ವಿಚ್ ಕೊಡುವ ನಮ್ಮ ಪದ್ಧತಿ ಇಲ್ಲಿ ಇಲ್ಲದೆ ಇರುವುದು ನನಗೆ ಈಗಲೂ ಸರಿ ಕಾಣುವುದಿಲ್ಲ.

ಮೋಸ ಹೋಗುವುದು ಎಲ್ಲಿ ಅಂದರೆ, ಒಂದು ಜಿಎಫ್‌ಸಿಐ ತನ್ನಿಂದ ಮುಂದಕ್ಕೆ ಸಾಲಾಗಿ ವೈರ್ ಎಳೆದ ಪಾಯಿಂಟುಗಳನ್ನೂ ಕಾಯಬಲ್ಲದು. ಆ ಸಾಲಿನವು ನೋಡೋಕೆ ಮಾಮೂಲಿ ಪಾಯಿಂಟುಗಳೇ. ಗುಂಡಿ ಇರುವುದಿಲ್ಲ. ಅಮೆರಿಕದ ಕೋಡಿನಲ್ಲಿ, ಅಂದರೆ ವೈರಿಂಗ್ ನಿಯಮಗಳಲ್ಲಿ, ಬಾತ್‌ರೂಮಿಗೆ ಇದು ಕಡ್ಡಾಯ ಆದದ್ದು 1975ರಲ್ಲಿ. ಆಗ ಈ ಸಾಧನಕ್ಕೆ ಬೆಲೆ ಜಾಸ್ತಿ. ಹಾಗಾಗಿ ಆ ಕಾಲದ ಎಷ್ಟೋ ಮನೆಗಳಲ್ಲಿ ಗರಾಜಿಗೊಂದೇ ಹಾಕಿ, ಅದರಿಂದಲೇ ಬಾತ್‌ರೂಮಿಗೂ ಮನೆಯ ಹೊರಗೋಡೆಗೂ ಎಳೆದಿದ್ದಾರೆ. ಹೊರಗೆ ಮಳೆ ನೀರು ಬಿದ್ದರೆ ಮೇಲೆ ಹೇರ್ ಡ್ರೈಯರ್ ನಿಲ್ಲುತ್ತದೆ, ಗರಾಜಿನ ಫ್ರಿಜ್ ಸದ್ದಿಲ್ಲದೆ ಆರುತ್ತದೆ.

ಆದ್ದರಿಂದ ಯಾರಿಗೂ ಫೋನ್ ಮಾಡುವ ಮುಂಚೆ ಇಷ್ಟು ಮಾಡಿ. ಸತ್ತ ಪಾಯಿಂಟುಗಳಲ್ಲಿ ಸಿಕ್ಕಿಸಿರುವುದನ್ನೆಲ್ಲ ಕಿತ್ತುಬಿಡಿ. ಹೊರಗಿನ ಸೀರಿಯಲ್ ಸೆಟ್ ಮರೀಬೇಡಿ. ಹಾಲ್‌ನ ಪಾಯಿಂಟ್ ಸತ್ತಿದ್ದರೆ ಬಾಗಿಲ ಪಕ್ಕದ ಸ್ವಿಚ್ ಹಾಕಿ ನೋಡಿ, ಇಲ್ಲಿ ಕೆಲವು ಪಾಯಿಂಟುಗಳು ಗೋಡೆ ಸ್ವಿಚ್ಚಿಗೆ ಸೇರಿರುತ್ತವೆ. ಆಮೇಲೆ ಗುಂಡಿ ಹುಡುಕಿ: ಗರಾಜು, ಬೇಸ್‌ಮೆಂಟು, ಬೇರೆ ಬಾತ್‌ರೂಮು, ಅಡುಗೆಮನೆ, ಹೊರಗೋಡೆ. ಸಾಮಾನು ಜೋಡಿಸಿದ ಹಿಂದೆಯೂ ನೋಡಿ. ರೀಸೆಟ್ ಗಟ್ಟಿಯಾಗಿ ಒತ್ತಬೇಕು, ಸುಮ್ನೆ ಮುಟ್ಟಿದರೆ ಕೂರುವುದಿಲ್ಲ. ಬ್ರೇಕರನ್ನೂ ಕಣ್ಣಿಂದ ನೋಡಿ ನಂಬಬೇಡಿ. ಇಲ್ಲಿಯ ಬ್ರೇಕರ್ ಬಿದ್ದಾಗ ಹೆಚ್ಚಾಗಿ ಹಿಡಿ ಪೂರ್ತಿ ಆಫ್ ಆಗುವುದಿಲ್ಲ, ನಡುವೆ ನಿಲ್ಲುತ್ತದೆ. ಬೆರಳಿಟ್ಟರೆ ಸಡಿಲ ಅನ್ನಿಸುತ್ತದೆ. ಅದನ್ನು ಪೂರ್ತಿ ಆಫ್ ಕಡೆ ತಳ್ಳಿ, ಆಮೇಲೆ ಆನ್ ಮಾಡಬೇಕು.

ಎಲ್ಲ ಕಿತ್ತ ಮೇಲೂ ಗುಂಡಿ ಕೂರದಿದ್ದರೆ, ಅಥವಾ ಬ್ರೇಕರ್ ಹಾಕಿದ ಕೂಡಲೇ ಮತ್ತೆ ಬಿದ್ದರೆ ಅಲ್ಲಿಗೆ ನಿಲ್ಲಿಸಿ. ಮತ್ತೆ ಮತ್ತೆ ಹಾಕಬೇಡಿ, ಈಗ ಎಲೆಕ್ಟ್ರಿಷಿಯನ್ ಬೇಕು. ಪಾಯಿಂಟಿನ ಮುಚ್ಚಳ ಬಿಸಿ ಇದ್ದರೆ, ಕಂದು ಕಲೆ ಕಂಡರೆ, ಪ್ಯಾನೆಲ್ (ಬ್ರೇಕರ್ ಪೆಟ್ಟಿಗೆ) ಗುಂಯ್ ಅಂದರೆ, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆಯೋ ಮೀನಿನಂಥ ವಾಸನೆಯೋ ಬಂದರೆ ಆ ಬ್ರೇಕರ್ ಆರಿಸಿ ಅವತ್ತೇ ಕರೆಸಿ. ಹೊಗೆ ಕಂಡರೆ ಮನೆಯವರನ್ನೆಲ್ಲ ಹೊರಗೆ ಕರ್ಕೊಂಡು ಬಂದು ತುರ್ತು ನಂಬರ್ 911ಕ್ಕೆ ಫೋನ್ ಮಾಡಿ.

ಅರ್ಧ ಮನೆಗೆ ಮಾತ್ರ ಕರೆಂಟ್ ಇದ್ದರೆ ಎಲೆಕ್ಟ್ರಿಷಿಯನ್‌ಗಿಂತ ಮೊದಲು ಕರೆಂಟ್ ಕಂಪನಿಗೆ ಫೋನ್ ಮಾಡಿ. ಇಲ್ಲಿ ಮನೆಗೆ 120 ವೋಲ್ಟಿನ ಎರಡು ಲೈನ್ ಬರುತ್ತವೆ, ಒಂದು ಹೊರಗಡೆಯೇ ಕಡಿದಿರಬಹುದು. ಕೆಲವು ಬಲ್ಬು ಮಂಕಾಗಿ ಕೆಲವು ಕಣ್ಣು ಕುಕ್ಕುವಷ್ಟು ಉರಿದರೆ ಅದು ಇನ್ನೂ ಕೆಟ್ಟದ್ದು. ನ್ಯೂಟ್ರಲ್ ಸಡಿಲ ಆಗಿರಬಹುದು. ಮೇನ್ ಆರಿಸಿ, ಆಮೇಲೆ ಫೋನ್ ಮಾಡಿ. ಟಿವಿ, ಫ್ರಿಜ್ ಎಲ್ಲ ಸುಟ್ಟುಹೋಗಬಹುದು, ಬೆಂಕಿಯೂ ಹತ್ತಬಹುದು.

ಇನ್ನು ಊರಲ್ಲಿ ಸಣ್ಣಪುಟ್ಟ ವೈರಿಂಗ್ ಕೈಯಾರೆ ಮಾಡಿ ಅಭ್ಯಾಸ ಇರುವವರಿಗೆ ಒಂದು ಮಾತು. ನಮ್ಮಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್ ಅಂತ ಕಣ್ಣಿಗೆ ಕೂತುಬಿಟ್ಟಿದೆ. ಇಲ್ಲಿ ಕಪ್ಪೇ ಫೇಸ್. ಬಿಳಿ ನ್ಯೂಟ್ರಲ್. ಹಸಿರು ಅಥವಾ ಬರಿ ತಾಮ್ರದ ತಂತಿ ಅರ್ಥ್. ಹಳೆ ಮನೆಗಳ ಸ್ವಿಚ್ ಪೆಟ್ಟಿಗೆಯಲ್ಲಿ ಬಿಳಿ ವೈರಿನಲ್ಲೂ ಕರೆಂಟ್ ಇರಬಹುದು. ನನ್ನ ಸ್ನೇಹಿತರೊಬ್ಬರು ಫ್ಯಾನ್ ಬದಲಾಯಿಸುವಾಗ ಕಪ್ಪು ತಾನೇ ಅಂತ ಹಿಡಿದು ಏಣಿಯಿಂದ ಬಿದ್ದರು. ಮಣಿಕಟ್ಟು ಮುರಿಯಿತು. ಬ್ರೇಕರ್ ಆರಿಸದೆ, ಟೆಸ್ಟರಿನಲ್ಲಿ ನೋಡದೆ ಯಾವ ಬಣ್ಣದ ವೈರನ್ನೂ ಮುಟ್ಟಬೇಡಿ, ದಯವಿಟ್ಟು.

ಬಾಡಿಗೆ ಮನೆ ಆದರೆ ಇದ್ಯಾವುದೂ ನಿಮ್ಮ ಕೆಲಸ ಅಲ್ಲ. ಗುಂಡಿ ಒತ್ತಿ ನೋಡಿ, ಆಗದಿದ್ದರೆ ಮಾಲೀಕರಿಗೋ ಲೀಸಿಂಗ್ ಆಫೀಸಿಗೋ ಬರವಣಿಗೆಯಲ್ಲಿ ತಿಳಿಸಿ. ಸ್ವಂತ ಮನೆ ಆದರೆ ಕರೆಸುವ ಮುಂಚೆ ಫೋನಿನಲ್ಲೇ ಮೂರು ವಿಷಯ ಕೇಳಿ: ಲೈಸೆನ್ಸ್ ನಂಬರ್ ಎಷ್ಟು, ಬರೋದಕ್ಕೇ ಎಷ್ಟು, ಕೆಲಸ ಕೊಟ್ಟರೆ ಆ ದುಡ್ಡು ಬಿಲ್ಲಿನಲ್ಲಿ ಕಳೀತಾರಾ. ಪ್ಯಾನೆಲ್ ಬದಲಾವಣೆಯಂಥ ದೊಡ್ಡ ಕೆಲಸಕ್ಕೆ ಪರ್ಮಿಟ್ ಯಾರು ತಗೋತಾರೆ ಅಂತಲೂ ಕೇಳಿ. "ಪರ್ಮಿಟ್ ಎಲ್ಲ ಯಾಕೆ, ಕಡಿಮೆಗೆ ಮಾಡಿಕೊಡ್ತೀನಿ" ಅಂದವರನ್ನು ಬಿಟ್ಟುಬಿಡಿ.

ದಾವಣಗೆರೆಯವರ ಗರಾಜಿನಲ್ಲಿ ಅವತ್ತು ಗುಂಡಿ ಸಿಕ್ಕಿತು, ಅಕ್ಕಿ ಮೂಟೆಗಳ ಹಿಂದೆ. ಒತ್ತಿದೆವು, ಕೂತಿತು. ಆಮೇಲೆ ಮಾಸ್ಕಿಂಗ್ ಟೇಪಿನ ಚೂರುಗಳಲ್ಲಿ "ಇದರ ಗುಂಡಿ ಗರಾಜಿನಲ್ಲಿ" ಅಂತ ಬರೆದು ಅವರು ಎರಡೂ ಬಾತ್‌ರೂಮಿನ ಪಾಯಿಂಟಿನ ಕೆಳಗೆ ಅಂಟಿಸಿದರು. ನಾಲ್ಕು ಡಾಲರಿನ ಫ್ರಿಜ್ ಥರ್ಮಾಮೀಟರನ್ನೂ ತಂದಿಟ್ಟರು. ಅಕ್ಕಿ ಮೂಟೆ ಈಗ ಎದುರು ಗೋಡೆಗೆ ಹೋಗಿದೆ.