ದೂರದ್ದಕ್ಕೆ ಚಿತ್ರ ಸಾಕು: ದೊಡ್ಡ 3ಡಿ ಮಾಡೆಲ್ ಓಡಿಸಿದ ನನ್ನ ಅನುಭವ

ಪೈಪು, ಮೆಟ್ಟಿಲು, ಯಂತ್ರಗಳಿಂದ ಕಿಕ್ಕಿರಿದ ಕಾರ್ಖಾನೆಯೊಂದರ 3ಡಿ ಮಾಡೆಲ್ ನನ್ನ ಕೈಯಲ್ಲಿತ್ತು. ನೋಡುವವರು ಅದರೊಳಗೆ ಬೇಕಾದ ಕಡೆ ಓಡಾಡಬೇಕು. ಸೆಕೆಂಡಿಗೆ 60 ಫ್ರೇಮ್ (ಪರದೆಯ ಮೇಲೆ ಬಿಡಿಸುವ ಒಂದೊಂದು ಚಿತ್ರ) ಬೇಕೆಂದರೆ ಒಂದು ಫ್ರೇಮಿಗೆ ಸಿಗುವುದು ಸುಮಾರು 16.7 ಮಿಲಿಸೆಕೆಂಡ್. ಮಾಡೆಲ್‌ನಲ್ಲಿ ವಸ್ತುಗಳ ಮೇಲ್ಮೈಯನ್ನು ಕಟ್ಟುವ ಕೋಟಿಗಟ್ಟಲೆ ಪುಟ್ಟ ತ್ರಿಕೋನಗಳು. ಅವುಗಳಲ್ಲಿ ಎಷ್ಟೋ ದೂರದಲ್ಲಿದ್ದು, ಒಂದು ಪಿಕ್ಸೆಲ್‌ನಷ್ಟೂ ಕಾಣುವುದಿಲ್ಲ. ಅವನ್ನು ಪ್ರತಿ ಸಲ ಸುಮ್ನೆ ಯಾಕೆ ಬಿಡಿಸಬೇಕು ಅಲ್ವಾ?

ಹಾಗಾಗಿ ಓಡಾಡುವ ಜಾಗವನ್ನು ಸಣ್ಣ ಚೌಕಗಳಾಗಿ ಹಂಚಿದೆ. ಪ್ರತಿ ಚೌಕದ ನಡುವಿನಿಂದ ನಾಲ್ಕು ದಿಕ್ಕಿಗೆ, ಮೇಲಕ್ಕೆ, ಕೆಳಕ್ಕೆ ಆರು ಚಿತ್ರಗಳನ್ನು ಮೊದಲೇ ತೆಗೆದಿಟ್ಟೆ. ಹತ್ತಿರದ ವಸ್ತುಗಳು ತ್ರಿಕೋನಗಳಾಗಿಯೇ ಬರುತ್ತವೆ, ಆಚೆಗಿನದ್ದಕ್ಕೆ ಚಿತ್ರ.

ಆಮೇಲೆ ಕಾಡುವುದು ಮೆಮೊರಿ. 1024×1024 ಚಿತ್ರಕ್ಕೆ ಪಿಕ್ಸೆಲ್‌ಗೆ 4 ಬೈಟ್‌ನಂತೆ 4 ಎಂಬಿ. ಆರಕ್ಕೆ 24. ಸಾವಿರ ಚೌಕಗಳಾದರೆ 24 ಜಿಬಿ ಹತ್ತಿರ! ಜೆಪೆಗ್ ಮಾಡಿದರೆ ಡಿಸ್ಕಿನಲ್ಲಿ ಜಾಗ ಉಳಿಯುತ್ತದೆ ನಿಜ. ಆದರೆ ಟೆಕ್ಸ್ಚರ್ ಆಗಿ, ಅಂದರೆ 3ಡಿ ದೃಶ್ಯದಲ್ಲಿ ಅಂಟಿಸುವ ಚಿತ್ರವಾಗಿ ಬಳಸಬೇಕಾದರೆ ಅದನ್ನು ಪೂರ್ತಿ ಬಿಚ್ಚಬೇಕು, ಬಿಚ್ಚಿದ ಮೇಲೆ ಮತ್ತೆ ಅದೇ 4 ಎಂಬಿ.

ದೃಶ್ಯ ಬಿಡಿಸುವ ಚಿಪ್ ಆದ ಜಿಪಿಯುಗೆ ಬೇಕಾದದ್ದು ಬೇರೆ ಬಗೆಯ ಕಂಪ್ರೆಶನ್ (ಮಾಹಿತಿ ಕುಗ್ಗಿಸುವ ವಿಧಾನ). ಅಂಥದ್ದೊಂದಾದ ಬಿ.ಸಿ.1ರಲ್ಲಿ 4×4 ಪಿಕ್ಸೆಲ್‌ಗಳ ಪ್ರತಿ ಬ್ಲಾಕಿಗೂ ಸರಿಯಾಗಿ 8 ಬೈಟ್. ಅಳತೆ ಬದಲಾಗದ ಕಾರಣ ಯಾವ ಪಿಕ್ಸೆಲ್ ಎಲ್ಲಿದೆ ಎಂದು ಲೆಕ್ಕ ಹಾಕಿ ನೇರವಾಗಿ ಓದಬಹುದು. ಚಿತ್ರ ಮೆಮೊರಿಯಲ್ಲೂ ಅರ್ಧ ಎಂಬಿಯಾಗಿಯೇ ಉಳಿಯುತ್ತದೆ. ಆದರೆ ಒಂದು ಬ್ಲಾಕಿನಲ್ಲಿ ಹೆಚ್ಚೆಂದರೆ ನಾಲ್ಕೇ ಬಣ್ಣ. ನೆರಳು ಮೆಲ್ಲಗೆ ತಿಳಿಯಾಗುವ ಗೋಡೆಗಳ ಮೇಲೆ ಪಟ್ಟೆಗಳು ಕಾಣುತ್ತವೆ. ಅಂಥ ಕಡೆ ನಾನು ಬ್ಲಾಕಿಗೆ 16 ಬೈಟ್ ತೆಗೆದುಕೊಳ್ಳುವ ಬಿ.ಸಿ.7 ಬಳಸುತ್ತೇನೆ. ಎರಡು ಪಟ್ಟು ಜಾಗ ಹೋದರೂ ಕಣ್ಣಿಗೆ ಹಿತ.

ಬರೀ ಬಣ್ಣ ಇಟ್ಟುಕೊಂಡರೆ ಚೌಕ ದಾಟುವಾಗ ದೃಶ್ಯ ತಟಕ್ಕನೆ ಜಿಗಿಯುತ್ತದೆ. ಪ್ರತಿ ಪಿಕ್ಸೆಲ್ ಎಷ್ಟು ದೂರದ್ದು ಎಂಬುದನ್ನೂ ಜೊತೆಗಿಟ್ಟರೆ, ನೋಡುವವರು ಸರಿದಂತೆ ಪಿಕ್ಸೆಲ್‌ಗಳನ್ನೂ ಸರಿಸಬಹುದು. ಜಿಗಿತ ಬಹಳ ಕಡಿಮೆಯಾಗುತ್ತದೆ. ಈ ದೂರದ ಮಾಹಿತಿಯನ್ನು ಮಾತ್ರ ದಯವಿಟ್ಟು ಬಿ.ಸಿ.1ಕ್ಕೆ ಹಾಕಬೇಡಿ. ಬಣ್ಣದಲ್ಲಿ ಚೂರು ತಪ್ಪಾದರೆ ಕಣ್ಣು ಒಪ್ಪುತ್ತದೆ, ದೂರದ ಅಳತೆಯಲ್ಲಿ ತಪ್ಪಾದರೆ ವಸ್ತುಗಳ ಅಂಚೇ ಹರಿದುಹೋಗುತ್ತದೆ. ನಾನು ಅದನ್ನು 16 ಬಿಟ್‌ನಲ್ಲಿ, ಏನೂ ಕಳೆಯದ ಕಂಪ್ರೆಶನ್‌ನಲ್ಲಿ ಇಟ್ಟಿದ್ದೇನೆ. ಮುಂದಿದ್ದ ವಸ್ತು ಸರಿದಾಗ ಹಿಂದೆ ಕಾಣುವ ಖಾಲಿ ಜಾಗಗಳನ್ನು ಪಕ್ಕದ ಚೌಕದ ಚಿತ್ರದಿಂದ ತುಂಬಿಸುತ್ತೇನೆ.

ಎಲ್ಲ ಚೌಕಗಳನ್ನೂ ಒಟ್ಟಿಗೆ ಮೆಮೊರಿಯಲ್ಲಿ ಇಡುವುದಿಲ್ಲ. ನಡೆಯುವ ದಿಕ್ಕು, ವೇಗ ನೋಡಿಕೊಂಡು ಮುಂದಿನ ಚೌಕಗಳನ್ನು ಇನ್ನೊಂದು ಥ್ರೆಡ್ (ಪ್ರೋಗ್ರಾಮಿನೊಳಗೆ ಜೊತೆಜೊತೆಗೇ ಓಡುವ ಕೆಲಸ) ಡಿಸ್ಕಿನಿಂದ ತರುತ್ತಿರುತ್ತದೆ. ಯಾರಾದರೂ ಗಕ್ಕನೆ ಹಿಂದಿರುಗಿದರೂ ತೊಂದರೆಯಾಗದಂತೆ, ಈಗಷ್ಟೇ ದಾಟಿದ ಚೌಕಗಳನ್ನು ಕೂಡಲೇ ಅಳಿಸುವುದಿಲ್ಲ.