ಆ ಶಾಟ್ ಯಾರ ಕಣ್ಣು?

ಕ್ಯಾಮೆರಾ ಓಡಲು ಶುರುವಾಗಿ ನಿರ್ದೇಶಕರು ‘ಆ್ಯಕ್ಷನ್’ ಅನ್ನುವವರೆಗೆ ಒಂದಷ್ಟು ಸೆಕೆಂಡು ಇರುತ್ತದೆ. ‘ಕಟ್’ ಅಂದ ಮೇಲೂ ಕ್ಯಾಮೆರಾ ನಿಲ್ಲುವಷ್ಟರಲ್ಲಿ ಒಂದೆರಡು ಸೆಕೆಂಡು ಉಳಿದುಬಿಡುತ್ತದೆ. ಥಿಯೇಟರಿನಲ್ಲಿ ಕೂತವರಿಗೆ ಇವು ಯಾವತ್ತೂ ಕಾಣುವುದಿಲ್ಲ. ಎಡಿಟರ್‌ಗೆ ಕಾಣುತ್ತವೆ. ನಾನು ಹನ್ನೆರಡು ವರ್ಷದಿಂದ ಬೆಂಗಳೂರಿನಲ್ಲಿ ಸಿನಿಮಾ ಎಡಿಟಿಂಗ್ ಮಾಡುತ್ತಿದ್ದೇನೆ. ಗಂಡುನೋಟ, ಅಂದರೆ ಹೆಣ್ಣನ್ನು ಗಂಡಸಿನ ಕಣ್ಣಿನಿಂದಲೇ ತೋರಿಸುವುದು, ಏನು ಅಂತ ನನಗೆ ಅರ್ಥವಾಗಿದ್ದು ಈ ಸೆಕೆಂಡುಗಳಿಂದ.

ಕೆಲಸಕ್ಕೆ ಸೇರಿದ ಶುರುವಿನಲ್ಲೇ ಒಂದು ಮಳೆ ಹಾಡು ನನ್ನ ಕೈಗೆ ಬಂತು. ರಾತ್ರಿ ಶೂಟ್ ಮಾಡಿದ್ದರು. ಟ್ಯಾಂಕರ್ ನೀರಿನ ಮಳೆ. ನಾಯಕಿಗೆ ತೆಳು ಸೀರೆ, ಹೀರೋಗೆ ಜಾಕೆಟ್. ರಶಸ್, ಅಂದರೆ ಇನ್ನೂ ಕತ್ತರಿಸದ ಶೂಟಿಂಗ್ ತುಣುಕುಗಳನ್ನು, ನೋಡುತ್ತಾ ಕೂತೆ. ‘ಆ್ಯಕ್ಷನ್’ಗೆ ಮೊದಲು ಆ ಹುಡುಗಿಯ ಹಲ್ಲು ಕಟಕಟ ಅನ್ನುತ್ತಿತ್ತು. ‘ಆ್ಯಕ್ಷನ್’ ಅಂದ ತಕ್ಷಣ ತುಟಿ ಕಚ್ಚಿ ನಗುತ್ತಿದ್ದಳು. ‘ಕಟ್’ ಅಂದರೆ ಸಾಕು, ಎರಡೂ ಕೈ ಎದೆಗೆ ಅವಚಿಕೊಂಡು “ಅಕ್ಕಾ, ಟವೆಲ್” ಅಂತ ಕಾಸ್ಟ್ಯೂಮ್‌ನವರನ್ನು ಕರೆಯುತ್ತಿದ್ದಳು. ಒಂದೊಂದು ಶಾಟ್‌ಗೂ ಆರೇಳು ಟೇಕ್. ಪ್ರತಿ ಟೇಕಿನ ಕೊನೆಯಲ್ಲೂ ಅದೇ ಟವೆಲ್, ಅದೇ ನಡುಕ.

ನಾನು ಮಾಡಿದ್ದು ಇಷ್ಟು. ನಡುಕ ಇದ್ದ ತುದಿಗಳನ್ನು ಎರಡೂ ಕಡೆ ಕತ್ತರಿಸಿದೆ. ಸೊಂಟದ ಶಾಟ್‌ಗಳನ್ನು ಸೆಕೆಂಡಿಗೆ 48 ಫ್ರೇಮ್‌ನಲ್ಲಿ ತೆಗೆದಿದ್ದರು. ಸಿನಿಮಾ ಓಡುವುದು 24 ಫ್ರೇಮ್‌ನಲ್ಲಿ. ಹಾಗಾಗಿ ಒಂದು ಸೆಕೆಂಡಿನ ಚಲನೆ ತೆರೆಯ ಮೇಲೆ ಎರಡು ಸೆಕೆಂಡು ಇರುತ್ತದೆ. ತಬಲಾದ ಪೆಟ್ಟಿಗೆ ಸರಿಯಾಗಿ ಅವನ್ನು ಕೂರಿಸಿದೆ. ಎಲ್ಲರೂ ಮೆಚ್ಚಿದರು. ನನಗೂ ಹೆಮ್ಮೆ ಆಗಿತ್ತು.

ಬಿಡುಗಡೆಯ ದಿನ ಅಮ್ಮನನ್ನು ಕರೆದುಕೊಂಡು ಹೋದೆ. ಆ ಹಾಡಿಗೆ ಥಿಯೇಟರ್ ಪೂರ್ತಿ ಶಿಳ್ಳೆ. ಅಮ್ಮ ನನ್ನ ಕಡೆ ಬಾಗಿ ಕೇಳಿದರು: “ಆ ಹುಡುಗಿಗೆ ಚಳಿ ಆಗಿರ್ಬೇಕು ಅಲ್ವಾ?”

ಚಳಿಯನ್ನೆಲ್ಲ ನಾನೇ ಕತ್ತರಿಸಿ ತೆಗೆದಿದ್ದೆ. ಆದರೂ ಅಮ್ಮನಿಗೆ ಕಂಡಿತ್ತು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಮೇಲೆ ನಾನು ಕಟ್ ಮಾಡಿದ ಹಳೆಯ ಹಾಡುಗಳನ್ನು ಮತ್ತೆ ತೆರೆದೆ. ಸೌಂಡ್ ಪೂರ್ತಿ ಬಂದ್ ಮಾಡಿ ನೋಡಿದೆ. ಇದು ಯಾರು ಬೇಕಾದರೂ ಮಾಡಬಹುದಾದ ಕೆಲಸ. ಸಂಗೀತ ನಿಂತರೆ ಶಾಟ್‌ಗಳ ನಿಜವಾದ ರೂಪ ಕಾಣುತ್ತದೆ. ನಾಯಕಿಯ ಮುಖ ಎಷ್ಟು ಸೆಕೆಂಡು ಕಾಣುತ್ತದೆ, ಮುಖ ಇಲ್ಲದ ಮೈ ಎಷ್ಟು ಸೆಕೆಂಡು ಕಾಣುತ್ತದೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಎರಡು ಸಾಲು ಮಾಡಿ ಬರೆದುಕೊಂಡೆ. ಎರಡನೇ ಸಾಲೇ ಉದ್ದ ಆಯ್ತು. ಹೀರೋಗೂ ಅದೇ ಲೆಕ್ಕ ಹಾಕಿದೆ. ಅವನ ಮೈಯನ್ನೂ ತುಂಡು ತುಂಡಾಗಿ ತೋರಿಸಿದ್ದೆ. ಆದರೆ ಅಲ್ಲಿ ಕಾರಿನ ಬಾಗಿಲು ತೆಗೆಯುವ ಕೈ, ನೆಲಕ್ಕೆ ಇಳಿಯುವ ಬೂಟು, ಬಿಗಿಯುವ ಮುಷ್ಟಿ. ಪ್ರತಿ ತುಂಡೂ ಏನೋ ಕೆಲಸ ಮಾಡುತ್ತಿದೆ. ನಾಯಕಿಯದ್ದು ಗೆಜ್ಜೆ, ಬೆನ್ನು, ಸೊಂಟ, ತುಟಿ. ಅವು ಸುಮ್ನೆ ಇರುತ್ತವೆ, ನೋಡಿಸಿಕೊಳ್ಳುತ್ತವೆ. ಶಾಲೆಯಲ್ಲಿ ಕಲಿತ ವ್ಯಾಕರಣದಲ್ಲಿ ಹೇಳುವುದಾದರೆ ಅವನಿಗೆ ಕ್ರಿಯಾಪದ, ಅವಳಿಗೆ ನಾಮಪದ.

ಇದಕ್ಕೆ ಬೈಗುಳ ತಿನ್ನುವುದು ಸಾಮಾನ್ಯವಾಗಿ ಕ್ಯಾಮೆರಾಮನ್. ಆದರೆ ನೋಟ ಹುಟ್ಟುವುದು ಬಹುಪಾಲು ಎಡಿಟಿಂಗ್ ಟೇಬಲ್‌ನಲ್ಲಿ ಅಂತ ನನ್ನ ಅನಿಸಿಕೆ. ನೂರು ವರ್ಷದ ಹಿಂದೆ ರಷ್ಯಾದ ನಿರ್ದೇಶಕ ಲೆವ್ ಕುಲೆಶೋವ್ ಒಬ್ಬ ನಟನ ಒಂದೇ ಮುಖವನ್ನು ಬೇರೆ ಬೇರೆ ದೃಶ್ಯಗಳ ಪಕ್ಕ ಜೋಡಿಸಿ ಇದನ್ನು ತೋರಿಸಿಕೊಟ್ಟ. ಥ್ರಿಲ್ಲರ್ ಸಿನಿಮಾಗಳ ನಿರ್ದೇಶಕ ಹಿಚ್‌ಕಾಕ್ ಅದನ್ನೇ ಇನ್ನೂ ನೇರವಾಗಿ ವಿವರಿಸುತ್ತಿದ್ದ. ಒಬ್ಬ ಮುದುಕ ನೋಡುತ್ತಾನೆ. ಮಗು ಎತ್ತಿಕೊಂಡ ತಾಯಿ ಕಾಣುತ್ತಾಳೆ. ಅವನು ನಗುತ್ತಾನೆ. ಒಳ್ಳೆಯ ಅಜ್ಜ ಅನಿಸುತ್ತದೆ. ಮಧ್ಯದ ಶಾಟ್ ತೆಗೆದು ಅಲ್ಲಿ ಬಿಕಿನಿ ತೊಟ್ಟ ಹುಡುಗಿಯನ್ನು ಇಟ್ಟರೆ ಅದೇ ನಗು ಕೊಳಕಾಗುತ್ತದೆ. ಮುಖ ಬದಲಾಗಿಲ್ಲ. ಬದಲಾಗಿದ್ದು ಜೋಡಣೆ.

ಇಲ್ಲಿ ನನಗೆ ಮುಖ್ಯ ಅನಿಸಿದ್ದು ಬೇರೆ. ಮೂರೂ ಶಾಟ್‌ಗಳಲ್ಲಿ ನೋಡುವವನು ಅವನೇ. ಮೊದಲು ಅವನು, ಕೊನೆಗೂ ಅವನು, ಹುಡುಗಿ ಮಧ್ಯದಲ್ಲಿ. ಬ್ರಿಟನ್ನಿನ ಸಿನಿಮಾ ಚಿಂತಕಿ ಲಾರಾ ಮಲ್ವಿ 1975ರಲ್ಲಿ ಬರೆದಿದ್ದು ಇದೇ ವಿಷಯ. ಸಿನಿಮಾದಲ್ಲಿ ಮೂರು ನೋಟ ಇರುತ್ತದೆ: ಕ್ಯಾಮೆರಾದ್ದು, ನೋಡುವ ಜನರದ್ದು, ಪಾತ್ರಗಳದ್ದು. ಮೊದಲಿನ ಎರಡನ್ನು ಮೂರನೆಯದರ ಒಳಗೆ ಅಡಗಿಸಿಬಿಡುತ್ತಾರೆ. ಹೀರೋ ನೋಡುತ್ತಿದ್ದಾನೆ ಅಂದುಕೊಂಡು ನಾವೇ ನೋಡುತ್ತಿರುತ್ತೇವೆ. ಓದಿದಾಗ ಕಷ್ಟದ ಬರಹ ಅನಿಸಿತ್ತು. ಶಾಟ್‌ಗಳನ್ನು ಜೋಡಿಸುವ ನನ್ನ ಎಡಿಟಿಂಗ್ ಟೈಮ್‌ಲೈನ್ ತೆರೆದಿಟ್ಟುಕೊಂಡು ಓದಿದ ಮೇಲೆ ಅದು ನನ್ನದೇ ಕೆಲಸದ ವಿವರ ಅಂತ ಗೊತ್ತಾಯಿತು.

ಅಲ್ಲಿಂದ ಪ್ರತಿ ಶಾಟ್‌ಗೂ ಒಂದು ಪ್ರಶ್ನೆ ಕೇಳಿಕೊಳ್ಳತೊಡಗಿದೆ. ಇದು ಯಾರ ಕಣ್ಣು?

ಕೆಲವು ವರ್ಷದ ನಂತರ ಒಂದು ಬಸ್ ಸ್ಟಾಪ್ ದೃಶ್ಯ ಬಂತು. ಕಾಲೇಜು ಹುಡುಗಿ ಬಸ್ಸಿಗೆ ಕಾಯುತ್ತಿದ್ದಾಳೆ. ಹೀರೋ ಮತ್ತು ಮೂವರು ಗೆಳೆಯರು ಬೈಕ್ ನಿಲ್ಲಿಸಿಕೊಂಡು ಅವಳನ್ನೇ ನೋಡುತ್ತಾರೆ. ದಿನಾ ಬರುತ್ತಾರೆ. ಗೆಳೆಯರು ಜೋಕ್ ಹೊಡೆಯುತ್ತಾರೆ. ನಾಲ್ಕನೇ ದಿನ ಅವಳು ನಗುತ್ತಾಳೆ, ಹಾಡು ಶುರು. ಕಾಮಿಡಿ ಅಂತಲೇ ಬರೆದಿದ್ದರು. ಹೀಗೆ ಬೇಡ ಅಂದವಳ ಹಿಂದೆ ಮತ್ತೆ ಮತ್ತೆ ಬೀಳುವುದು 2013ರ ಕ್ರಿಮಿನಲ್ ಕಾನೂನು ತಿದ್ದುಪಡಿಯಿಂದ ಈ ದೇಶದಲ್ಲಿ ಅಪರಾಧ. ನಮ್ಮ ಸಿನಿಮಾದಲ್ಲಿ ಅದು ಇಂಟರ್‌ವಲ್‌ಗೆ ಮುಂಚಿನ ಪ್ರೀತಿ.

ರಶಸ್‌ನಲ್ಲಿ ಹುಡುಕಿದೆ. ಅವಳದ್ದೇ ಒಂದು ಶಾಟ್ ಸಿಕ್ಕಿತು. ‘ಆ್ಯಕ್ಷನ್’ಗೆ ಮೊದಲಿನದ್ದು. ನಟಿ ಪಾತ್ರಕ್ಕೆ ತಯಾರಾಗುತ್ತಾ ಬ್ಯಾಗಿನ ಪಟ್ಟಿ ಬಿಗಿಯಾಗಿ ಹಿಡಿದು, ತಲೆ ತಿರುಗಿಸದೆ ಕಣ್ಣಂಚಿನಲ್ಲೇ ಪಕ್ಕಕ್ಕೆ ನೋಡುತ್ತಾಳೆ. ಬಸ್ಸಿಗೆ ಕಾದ ಯಾವ ಹೆಣ್ಣಿಗೂ ಆ ನೋಟ ಗೊತ್ತು. ಅದನ್ನು ದೃಶ್ಯದ ಮೊದಲಿಗೆ ಇಟ್ಟೆ. ಆಮೇಲೆ ಬೈಕಿನ ಹುಡುಗರು. ಮತ್ತೆ ಅವಳು. ಹಿನ್ನೆಲೆ ಸಂಗೀತ ತೆಗೆದು ಬರೀ ರಸ್ತೆಯ ಸದ್ದು ಬಿಟ್ಟೆ. ಹುಡುಗರ ನಗುವಿನ ಒಂದು ಫ್ರೇಮನ್ನೂ ಬದಲಿಸಲಿಲ್ಲ. ಆದರೂ ಆ ನಗು ಕೇಳಿದರೆ ಹೊಟ್ಟೆಯಲ್ಲಿ ಒಂದು ಥರ ಆಗುತ್ತಿತ್ತು.

ನಿರ್ದೇಶಕರು ನೋಡಿದರು. ಕುರ್ಚಿಯಿಂದ ಎದ್ದೇಬಿಟ್ಟರು. “ಏನಮ್ಮಾ ಇದು? ನನ್ನ ಹೀರೋನ ವಿಲನ್ ಮಾಡ್ಬಿಟ್ಯಲ್ಲ!”

“ಸರ್, ನಾನು ಏನೂ ಸೇರಿಸಿಲ್ಲ. ನೀವು ತೆಗೆದ ಶಾಟ್‌ಗಳೇ ಇವೆಲ್ಲ. ಅವಳು ನಿಂತಿರೋ ಜಾಗದಿಂದ ನೋಡಿದೆ, ಅಷ್ಟೇ.”

ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ “ಜನ ಇದನ್ನ ಒಪ್ಪಲ್ಲಮ್ಮ” ಅಂದರು. ಈ ಮಾತನ್ನು ನಾನು ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇನೆ. ಜನ ಅಂದಾಗ ಅವರ ಮನಸ್ಸಿನಲ್ಲಿ ಬರುವುದು ಮುಂದಿನ ಸೀಟಿನಲ್ಲಿ ಶಿಳ್ಳೆ ಹೊಡೆಯುವ ಹುಡುಗರು. ನನ್ನ ಅಮ್ಮ ಕೂಡ ಟಿಕೆಟ್ ತಗೊಂಡೇ ಒಳಗೆ ಬಂದಿದ್ದರು. ಅವರು ಜನ ಅಲ್ವಾ? ಪುರುಷಪ್ರಧಾನ ವ್ಯವಸ್ಥೆ ಅಂದರೆ ನಮ್ಮ ಕೆಲಸದಲ್ಲಿ ಬಹಳ ಸಲ ಇದೇ. ಯಾರೂ ಕೆಟ್ಟ ಉದ್ದೇಶದಿಂದ ಕೂತಿರುವುದಿಲ್ಲ. ‘ಜನ’ ಅನ್ನುವ ಪದದೊಳಗೆ ಹೆಂಗಸರನ್ನು ಎಣಿಸಿರುವುದಿಲ್ಲ.

ಕೊನೆಗೆ ಪೂರ್ತಿ ನನ್ನ ಜೋಡಣೆ ಉಳಿಯಲಿಲ್ಲ. ಸಂಗೀತ ವಾಪಸ್ ಬಂತು, ಹಾಡು ಬಂತು. ನಾಲ್ಕು ದಿನದ ಹಿಂಬಾಲಿಸುವಿಕೆಯನ್ನು ಎರಡಕ್ಕೆ ಇಳಿಸಿದರು. ಆ ಬ್ಯಾಗಿನ ಪಟ್ಟಿಯ ಶಾಟ್ ಮಾತ್ರ ತೆಗೆಯಬೇಡಿ ಅಂತ ಹಟ ಮಾಡಿದೆ. ಅದು ಉಳಿಯಿತು. ನನಗೆ ಅದು ಸಾಲದು ಅಂತ ಈಗಲೂ ಅನಿಸುತ್ತದೆ.

ಅವತ್ತು ಕಲಿತದ್ದು ಒಂದು. ಶೂಟ್ ಮಾಡದೇ ಇರುವುದನ್ನು ಎಡಿಟ್ ಮಾಡಲು ಆಗುವುದಿಲ್ಲ. ನೂರಾರು ಶಾಟ್‌ಗಳ ಮಧ್ಯೆ ಅವಳ ಕಣ್ಣಿನದ್ದು ಅಂತ ಸಿಕ್ಕಿದ್ದು ಅದೊಂದೇ, ಅದೂ ಆಕಸ್ಮಿಕವಾಗಿ ಸಿಕ್ಕಿದ್ದು. ಅದಕ್ಕೇ ಈಗ ನಾನು ಶೂಟಿಂಗ್‌ಗೆ ಮೊದಲೇ ಹೋಗಿ ಕೂರುತ್ತೇನೆ. ಹೊಸಬರು ಸುಲಭವಾಗಿ ಒಪ್ಪುತ್ತಾರೆ, ಹಳಬರ ಹತ್ತಿರ ಎರಡು ಸಲ ಕಾಫಿ ಕುಡಿಯಬೇಕಾಗುತ್ತದೆ. ಹೆಣ್ಣು ಪಾತ್ರ ಇರುವ ಪ್ರತಿ ದೃಶ್ಯಕ್ಕೂ ಒಂದು ಶಾಟ್ ಹೆಚ್ಚಿಗೆ ತೆಗೆದುಕೊಡಿ ಅಂತ ಕೇಳುತ್ತೇನೆ. ಅವಳನ್ನು ನೋಡುವ ಶಾಟ್ ಬೇಡ, ಅದು ಹೇಗೂ ಇದ್ದೇ ಇರುತ್ತದೆ. ಆ ಹೊತ್ತಿನಲ್ಲಿ ಅವಳು ಏನನ್ನು ನೋಡುತ್ತಿದ್ದಾಳೆ, ಅದನ್ನು ತೆಗೆದುಕೊಡಿ. ಅವಳ ಎತ್ತರಕ್ಕೆ ಕ್ಯಾಮೆರಾ ಇಟ್ಟು, ಅವಳು ನಿಂತ ಜಾಗದಿಂದ.

ಕಳೆದ ಸಿನಿಮಾದಲ್ಲಿ ಮತ್ತೊಂದು ಬಸ್ ಸ್ಟಾಪ್ ಇತ್ತು. ಮತ್ತೆ ಒಬ್ಬ ಹುಡುಗ ದೂರದಿಂದ ನೋಡುತ್ತಾ ನಿಂತಿದ್ದ. ನಿರ್ದೇಶಕರು ನಾನು ಕೇಳಿದ ಶಾಟ್ ಕಳಿಸಿದ್ದರು. ಅದರಲ್ಲಿ ಆ ಹುಡುಗ ಇರಲೇ ಇಲ್ಲ. ದೂರದ ತಿರುವಿನಲ್ಲಿ ಬಸ್ಸೊಂದು ಬರುತ್ತಿತ್ತು, ಬೋರ್ಡ್ ಇನ್ನೂ ಮಸುಕಾಗಿತ್ತು, ನಿಧಾನಕ್ಕೆ ನಂಬರ್ ಸ್ಪಷ್ಟವಾಯಿತು. ನಾಲ್ಕು ಸೆಕೆಂಡಿನ ಶಾಟ್. ಒಂದು ಫ್ರೇಮನ್ನೂ ಕತ್ತರಿಸದೆ ಇಟ್ಟೆ.