ಕ್ಯಾಶ್ ಜಾಸ್ತಿ ಇರುವ ಪ್ರೊಸೆಸರ್ ನಿಮಗೆ ಬೇಕಾ? ಹೀಗೆ ನೋಡಿ

ಕ್ಯಾಶ್ ಅಂದರೆ ದುಡ್ಡಲ್ಲ; ಪದೇ ಪದೇ ಬೇಕಾಗುವ ಮಾಹಿತಿಯನ್ನು ಪ್ರೊಸೆಸರ್ ತನ್ನೊಳಗೇ ಇಟ್ಟುಕೊಳ್ಳುವ ಪುಟ್ಟ, ಚುರುಕಾದ ಮೆಮೊರಿ. ಅದರಲ್ಲಿ ಎಲ್1, ಎಲ್2, ಎಲ್3 ಅಂತ ಹಂತಗಳಿವೆ; ಎಲ್1 ಚಿಕ್ಕದು, ಬಲು ವೇಗದ್ದು; ಎಲ್3 ದೊಡ್ಡದು, ಕೊಂಚ ನಿಧಾನ. ಈಗ ಎಎಂಡಿ ಕಂಪನಿಯ ಅಗ್ಗದ ಎರಡು ಪ್ರೊಸೆಸರ್‌ಗಳು ಕಣ್ಣ ಮುಂದಿವೆ. ರೈಜನ್ 5 5500ಕ್ಕೆ 16 ಎಂಬಿ ಎಲ್3 ಕ್ಯಾಶ್, 5600ಕ್ಕೆ 32. ದುಪ್ಪಟ್ಟು ಅಂದಮೇಲೆ ವೇಗವೂ ಜಾಸ್ತಿ ಇರಬೇಕಲ್ವಾ? ಕೊಳ್ಳುವ ಮೊದಲು ಈಗಿರುವ ಕಂಪ್ಯೂಟರನ್ನೇ ಒಮ್ಮೆ ಕೇಳಿ ನೋಡಿ.

ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಗಳನ್ನು ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್‌ಗೆ ಹೋಗಿ ಸಿಪಿಯು ಒತ್ತಿದರೆ ಎಲ್1, ಎಲ್2, ಎಲ್3 ಕ್ಯಾಶ್ ಎಷ್ಟಿದೆ ಅಂತ ಕೆಳಗೆ ಕಾಣುತ್ತದೆ.

ಅದನ್ನು ಮುಚ್ಚಬೇಡಿ. ದಿನಾ ಮಾಡುವ ಕೆಲಸವನ್ನೇ ಮಾಡಿ. ಬ್ರೌಸರ್‌ನಲ್ಲಿ ಹತ್ತು ಹದಿನೈದು ಟ್ಯಾಬ್, ಒಂದು ಎಕ್ಸೆಲ್ ಫೈಲ್, ಜೊತೆಗೊಂದು ವಿಡಿಯೊ. ಕಂಪ್ಯೂಟರ್ ತಡವರಿಸಿದ ತಕ್ಷಣ ಇತ್ತ ನೋಡಿ. ಮೆಮೊರಿ ಶೇ 90 ದಾಟಿದೆಯಾ? ತೆರೆದ ಕೆಲಸಗಳನ್ನು ಇಟ್ಟುಕೊಳ್ಳುವ ರ‍್ಯಾಮ್ ಸಾಲುತ್ತಿಲ್ಲ. ಡಿಸ್ಕ್ ಶೇ 100ರಲ್ಲೇ ಕೂತಿದೆಯಾ? ಹಾರ್ಡ್ ಡಿಸ್ಕ್ ಇದ್ದರೆ ತೆಗೆದು, ತಿರುಗುವ ತಟ್ಟೆಯಿಲ್ಲದ, ವೇಗದ ಎಸ್‌ಎಸ್‌ಡಿ ಹಾಕಿಸಿ.

ಒಂದು ಲೆಕ್ಕ ಹಾಕೋಣ. ಎಲ್1 ಕ್ಯಾಶ್‌ನಿಂದ ಮಾಹಿತಿ ಸಿಗಲು ಸುಮಾರು ಒಂದು ನ್ಯಾನೊಸೆಕೆಂಡ್ (ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗ) ಬೇಕು. ಅದನ್ನು ಒಂದು ಸೆಕೆಂಡ್‌ಗೆ ಹಿಗ್ಗಿಸಿ. ಆಗ ಎಲ್3ಗೆ ಹತ್ತು ಸೆಕೆಂಡ್ ಹಿಡಿಯುತ್ತದೆ, ರ‍್ಯಾಮ್‌ಗೆ ಒಂದೂವರೆ ನಿಮಿಷ, ಎಸ್‌ಎಸ್‌ಡಿಗೆ ಹೆಚ್ಚುಕಡಿಮೆ ಒಂದು ದಿನ. ತಿರುಗುವ ಹಾರ್ಡ್ ಡಿಸ್ಕ್‌ಗೆ? ಮೂರ್ನಾಲ್ಕು ತಿಂಗಳು! ರ‍್ಯಾಮ್ ತುಂಬಿದಾಗ ವಿಂಡೋಸ್ ಡಿಸ್ಕ್‌ನ ಬಾಗಿಲು ತಟ್ಟುತ್ತದೆ. ನೀವು ಕಾಯುವುದು ಅದಕ್ಕೇ. ಅದನ್ನು ಬಿಟ್ಟು ಕ್ಯಾಶ್ ಹಿಂದೆ ಬಿದ್ದರೆ ಸುಮ್ನೆ ದುಡ್ಡು ದಂಡ.

ಹಾಗಂತ ಕ್ಯಾಶ್ ಬೇಡವೇ ಬೇಡ ಅಂತಲ್ಲ. 1998ರಲ್ಲಿ ಇಂಟೆಲ್ ಎಲ್2 ಕ್ಯಾಶ್ ಇಲ್ಲದ ಸೆಲೆರಾನ್ ಎಂಬ ಅಗ್ಗದ ಪ್ರೊಸೆಸರ್ ತಂದು ಕೈಸುಟ್ಟುಕೊಂಡಿತು. ಅದೇ ವರ್ಷ 128 ಕೆಬಿ ಸೇರಿಸಿದ ಮೇಲೆ ಅದೇ ಹೆಸರಿನ ಚಿಪ್ ಜನರಿಗೆ ಅಚ್ಚುಮೆಚ್ಚಾಯಿತು. ಈಗಿನ ಅಗ್ಗದ ಚಿಪ್‌ಗಳಲ್ಲಿ ಮೆಗಾಬೈಟ್‌ಗಟ್ಟಲೆ ಇದೆ. ಬ್ರೌಸರ್, ಪತ್ರ, ಲೆಕ್ಕಪತ್ರಕ್ಕೆ ಅಷ್ಟು ಧಾರಾಳ. ವಿಡಿಯೊ ನೋಡಲಂತೂ ಬೇರೆಯದೇ ಸರ್ಕ್ಯೂಟ್ ಇರುತ್ತದೆ.

ಗೇಮ್ ಆಡುವವರ ಮಾತು ಬೇರೆ. 96 ಎಂಬಿ ಎಲ್3 ಇರುವ ರೈಜನ್ 7 5800ಎಕ್ಸ್3ಡಿ ಗೇಮ್‌ಗಳಲ್ಲಿ ಜೋರಾಗಿ ಓಡುತ್ತದೆ. ಮಾಮೂಲಿ ಕೆಲಸದಲ್ಲಿ ಮಾತ್ರ 32 ಎಂಬಿಯ 5800ಎಕ್ಸ್‌ಗಿಂತ ಒಂಚೂರು ಹಿಂದೆ ಬೀಳುವುದೂ ಉಂಟು. ಯಾಕಂದರೆ 5800ಎಕ್ಸ್3ಡಿಯ ಗಡಿಯಾರದ ವೇಗ (ಸೆಕೆಂಡಿಗೆ ಇಡುವ ಹೆಜ್ಜೆಗಳು) ಕಡಿಮೆ.

ಬೇರೆ ಬೇರೆ ಕಂಪನಿಯ ಚಿಪ್‌ಗಳ ಕ್ಯಾಶ್ ಹೋಲಿಸಬೇಡಿ. ಇಂಟೆಲ್‌ನ ಕೋರ್ ಐ3-12100ರಲ್ಲಿ ಬರೀ 12 ಎಂಬಿ ಎಲ್3 ಇದೆ. ಆದರೂ ಒಂದೇ ಕೋರ್ (ಪ್ರೊಸೆಸರ್‌ನೊಳಗೆ ಲೆಕ್ಕ ಮಾಡುವ ಘಟಕ) ದುಡಿಯುವ ಕೆಲಸದಲ್ಲಿ ಅದು 5500ನ್ನು ಹಿಂದೆ ಹಾಕುತ್ತದೆ. ಇನ್ನೊಂದು ವಿಷಯ: 5500, 5600 ಎರಡರಲ್ಲೂ ಗ್ರಾಫಿಕ್ಸ್ ಒಳಗೇ ಬರುವುದಿಲ್ಲ. ಬೇರೆ ಕಾರ್ಡ್ ಹಾಕದಿದ್ದರೆ ಪರದೆ ಕಪ್ಪಾಗಿಯೇ ಇರುತ್ತದೆ. ಆ ಖರ್ಚನ್ನೂ ಸೇರಿಸಿಕೊಳ್ಳಿ.